ಊಟದ ಬದಲಿನ ಪುಡಿ ಮತ್ತು ತಿರಕಪ್ಪ

ಕುಂತವರು ಗೋಡೆಗೆ ಆತುಕೊಂಡು ಸರಿಯಾಗಿ ಕುಂತುಕೊಳ್ಳಿ. ನಾನು ಹೇಳುತ್ತ ಹೋಗುತ್ತೇನೆ, ನೀವು ಹೂಂ ಅನ್ನುತ್ತ ಬನ್ನಿ. ನಿಮ್ಮ ಹೂಂ ನಿಂತರೆ ನನ್ನ ಕತೆಯೂ ನಿಂತೀತು, ಆಮೇಲೆ ನನ್ನನ್ನು ಬೈಯಬೇಡಿ.

ಒಂದು ಮಗ್ಗದ ಊರು. ಬೆಳಗಾದರೆ ಸಾಕು, ಓಣಿ ಓಣಿಯಲ್ಲಿ ಖಟಖಟ ಖಟಖಟ. ಆ ಊರಿನಲ್ಲಿ ಸಾತವ್ವ ಅಂತ ಒಬ್ಬಾಕೆ. ಗಂಡ ತೀರಿಕೊಂಡು ಬಹಳ ವರ್ಷ. ಜೋಳದ ರೊಟ್ಟಿ ಬಡಿದು ಮಾರುವುದು ಅವಳ ಕಸುಬು. ನೇಕಾರರ ಮನೆಗಳಲ್ಲಿ ಹೆಂಗಸರೂ ಮಗ್ಗಕ್ಕೆ ಕೂತರೆ ರೊಟ್ಟಿ ಬಡಿಯಲು ಕೈ ಎಲ್ಲಿ ಬಿಡುವು? ಅರ್ಧ ಊರು ಉಣ್ಣುತ್ತಿದ್ದದ್ದು ಸಾತವ್ವನ ರೊಟ್ಟಿಯನ್ನೇ.

ಅವಳಿಗೆ ಒಬ್ಬನೇ ಮಗ. ಮೊದಲು ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಇವನು ಹುಟ್ಟಿದಾಗ ಸಾತವ್ವ ಓಣಿಯ ಮನೆಮನೆಗೆ ಸೆರಗೊಡ್ಡಿ ಹಿಟ್ಟು ತಿರಿದು ತಂದು, ಅದರ ಅಂಬಲಿಯನ್ನೇ ಮೊದಲ ತುತ್ತು ಮಾಡಿ, ತಿರಕಪ್ಪ ಅಂತ ಹೆಸರಿಟ್ಟಳು. ಹಾಗೆ ಮಾಡಿದರೆ ಕೂಸು ಉಳಿಯುತ್ತದೆ ಅಂತ ಆ ಕಡೆಯವರ ನಂಬಿಕೆ. ಕೂಸು ಉಳಿಯಿತು, ಬೆಳೆಯಿತು, ಎತ್ತಿನಂಥ ಗಂಡಸಾಯಿತು. ಬುದ್ಧಿ ಮಾತ್ರ ಎಲ್ಲೋ ದಾರಿಯಲ್ಲಿ ಕೂತುಬಿಟ್ಟಿತು. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನಷ್ಟೇ ಮಾಡುತ್ತಿದ್ದ. ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದ. ಅದೇ ಸಾತವ್ವನ ಸಂಕಟ.

ಒಂದು ದಿನ ಅವಳು ಹಿಟ್ಟಿನ ಗಿರಣಿಗೆ ಹೊರಟಳು. ಹೋಗುವಾಗ ಹೇಳಿದಳು: "ತಿರಕಪ್ಪಾ, ಬುಟ್ಟಿ ತುಂಬ ರೊಟ್ಟಿ ಅದಾವ. ಬಾಗಿಲಿಗೆ ಬಂದವರನ್ನ ಬರಿಗೈಲೆ ಕಳಸಬ್ಯಾಡ."

"ಹೂಂ ಯವ್ವಾ."

ತಿರುಗಿ ಬಂದು ನೋಡಿದರೆ ಬುಟ್ಟಿ ಖಾಲಿ. ಬಾಗಿಲಲ್ಲಿ ಪಕ್ಕದ ಮನೆಯ ಹುಸೇನಬಿಯ ಎಮ್ಮೆ ನಿಂತು ಮೆಲುಕು ಹಾಕುತ್ತಿದೆ.

"ಅಯ್ಯೋ ನನ್ನ ಹಣೆಬರಾ! ರೊಟ್ಟಿ ಎಲ್ಲೋ?"

"ಎಮ್ಮಿ ಬಂದಿತ್ತು, ಕೊಟ್ಟೀನಿ."

"ಎಮ್ಮಿಗೆ ಕೊಟ್ಟಿಯಾ?"

"ಬಾಗಿಲಿಗೆ ಬಂತು ಯವ್ವಾ. ನೀ ಹೇಳಿದಾಂಗ ಮಾಡೀನಿ."

ಸಾತವ್ವ ಹಣೆಗೆ ಕೈ ಹಚ್ಚಿಕೊಂಡು ಕೂತಳು. "ಬಂದವರನ್ನ ಮೊದಲು ವಿಚಾರಸಬೇಕೋ! ನೀವು ಯಾರು, ಏನ ಮಾಡತೀರಿ, ಎಲ್ಲಿಂದ ಬಂದೀರಿ ಅಂತ ಕೇಳಬೇಕು. ಕೇಳಿ ಆಮ್ಯಾಲ ಮುಂದಿನ ಮಾತು!"

"ಹೂಂ ಯವ್ವಾ, ಇನ್ನ ಮ್ಯಾಲ ಹಂಗ ಮಾಡತೀನಿ."

ಇಲ್ಲಿ ಸಾತವ್ವನ ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು. ಅವಳಿಗೆ ಸಾವಿನ ಭಯವಿರಲಿಲ್ಲ. ತಾನು ಸತ್ತ ಮರುದಿನದ ಭಯವಿತ್ತು. ಈ ಮಗನಿಗೆ ಉಣ್ಣು ಅಂತ ಯಾರು ಹೇಳಬೇಕು, ಮಲಗು ಅಂತ ಯಾರು ಹೇಳಬೇಕು? ಮೊಣಕಾಲು ನೋಯುತ್ತಿತ್ತು, ಮೈ ಭಾರವಾಗಿತ್ತು, ರಕ್ತದಲ್ಲಿ ಸಕ್ಕರೆ ಇದೆಯೆಂದು ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಕೊಟ್ಟಿದ್ದರು. ಒಲೆಯ ಮುಂದೆ ಕೂತು ಏಳುವಾಗಲೆಲ್ಲ, ಇನ್ನೊಂದಿಷ್ಟು ವರ್ಷ ಕೊಡಪ್ಪಾ ಶಿವನೇ, ಇವನ ಸಲುವಾಗಿ ಕೊಡು ಅಂತ ಬೇಡುತ್ತಿದ್ದಳು.

ಅಂಥ ಹೊತ್ತಿಗೆ ಊರಿಗೆ ಚಿದಾನಂದ ಸರ್ ಬಂದರು. ಬಸ್ ನಿಲ್ದಾಣದ ಹತ್ತಿರ ಅಂಗಡಿ ಹಿಡಿದು 'ಪೌಷ್ಟಿಕ ಕೇಂದ್ರ' ಅಂತ ಬೋರ್ಡು ಹಾಕಿದರು. ಮೈಮೇಲೆ ಬಿಳಿ ಕೋಟು. ಗೋಡೆ ತುಂಬ ಫೋಟೋ. ಒಂದರಲ್ಲಿ ದಪ್ಪಗಿದ್ದಾಕೆ, ಪಕ್ಕದಲ್ಲಿ ಅವಳೇ ಸಣ್ಣಗಾದಾಕೆ. ಡಬ್ಬಿಯಲ್ಲಿ ಒಂದು ಪುಡಿ, ಐಸ್ಕ್ರೀಮಿನ ವಾಸನೆ. ಬೆಳಿಗ್ಗೆ ಒಂದು ಗ್ಲಾಸು, ಮಧ್ಯಾಹ್ನ ಒಂದು ಗ್ಲಾಸು, ರಾತ್ರಿ ಒಂದು ಗ್ಲಾಸು, ಊಟದ ಬದಲಿಗೆ ಇದೇ ಊಟ. ರೊಟ್ಟಿ ಬೇಡ, ಪಲ್ಯ ಬೇಡ, ಒಲೆ ಬೇಡ. ಊರೆಲ್ಲ ಅವರನ್ನು ಆಹಾರ ತಜ್ಞರು ಅಂದಿತು. ಯಾಕೆ ಅಂದಿತು? ಕೋಟಿತ್ತು, ಅಂದಿತು.

ಸಾತವ್ವ ಮಗನನ್ನು ಕರೆದುಕೊಂಡು ಹೋದಳು. ಸರ್ ಅವಳನ್ನು ಒಂದು ಯಂತ್ರದ ಮೇಲೆ ನಿಲ್ಲಿಸಿ ತೂಕ ನೋಡಿ, ನಾಲಿಗೆ ಲೊಚಗುಟ್ಟಿದರು. "ಅಮ್ಮಾ, ರೊಟ್ಟಿ ನಿಮ್ಮನ್ನು ಕೊಲ್ಲುತ್ತಿದೆ. ನಾನು ಹೇಳಿದಂತೆ ಕೇಳಿದರೆ ಇನ್ನೂ ಇಪ್ಪತ್ತು ವರ್ಷ ಗಟ್ಟಿ."

ಇಪ್ಪತ್ತು ವರ್ಷ! ಸಾತವ್ವನ ಕಣ್ಣು ತುಂಬಿಬಂದವು. ಅಷ್ಟರಲ್ಲಿ ತಿರಕಪ್ಪ ಮುಂದೆ ಬಂದು ನಿಂತ.

"ನೀವು ಯಾರ್ರಿ?"

"ನಾನಾ? ನಾನು ತಜ್ಞ."

"ಏನ ಮಾಡತೀರಿ? ಎಲ್ಲಿಂದ ಬಂದೀರಿ?"

"ಜನರ ಆರೋಗ್ಯ ಸುಧಾರಿಸ್ತೀನಪ್ಪಾ. ದೊಡ್ಡ ಟ್ರೈನಿಂಗ್ ಆಗಿದೆ ನನಗೆ."

"ಎಲ್ಲಿ ಆಗೇತಿ? ಯಾರ ಮಾಡ್ಯಾರ?"

ಸರ್ ಮುಖ ಕೆಂಪಾಯಿತು. ಕಾಯುತ್ತ ಕೂತ ಹೆಂಗಸರು ತಿರಕಪ್ಪನನ್ನು ಕಣ್ಣಲ್ಲೇ ಸುಟ್ಟರು. ಸಾತವ್ವ ಮಗನ ರಟ್ಟೆ ಹಿಡಿದು ಹೊರಗೆಳೆದಳು.

"ಮಾನ ಕಳದ್ಯಲ್ಲೋ!"

"ಮೊದಲು ವಿಚಾರಸಬೇಕು ಅಂದಿದ್ದಿ. ನೀ ಹೇಳಿದಾಂಗ ಮಾಡೀನಿ."

"ಭಿಕ್ಷಾಕ್ಕ ಬಂದವರನ್ನ ಕೇಳು ಅಂದ್ರ ತಜ್ಞರನ್ನ ಕೇಳತೀಯಾ? ಕೋಟು ಹಾಕ್ಕೊಂಡವರನ್ನ ಹಂಗ ಕೇಳಬಾರದು! ದೊಡ್ಡವರು ಏನ ಅಂದ್ರೂ ಹೂಂ ಅನಬೇಕು. ತಿಳೀತೇನು? ಹೂಂ ಅನಬೇಕು!"

"ಹೂಂ ಯವ್ವಾ."

ಊರಿನಲ್ಲಿ ಯಾರೂ ಕೇಳದ ಪ್ರಶ್ನೆ ಅದೊಂದೇ ಆಗಿತ್ತು. ಅದನ್ನು ಕೇಳಿದವನು ಪೆದ್ದ, ಅದರಿಂದ ಅದು ಪೆದ್ದ ಪ್ರಶ್ನೆ ಆಯಿತು. ಆಗಲಿ, ಕತೆ ಮುಂದೆ ನಡೆಯಲಿ.

ಮರುದಿನ ಸಾತವ್ವ ಒಂದು ಡಬ್ಬಿ ತರಲು ಮಗನನ್ನು ಕಳಿಸಿದಳು. ಸರ್ ಕೇಳಿದರು: "ಒಂದೇ ಸಾಕಾ, ಇನ್ನೂ ಬೇಕಾ?"

"ಹೂಂ."

"ಇಡೀ ಪೆಟ್ಟಿಗೇನೇ ಕೊಡ್ಲಾ?"

"ಹೂಂ."

"ರೊಕ್ಕ ಈಗ ಬೇಡ. ನಿಮ್ಮವ್ವನ ರೊಟ್ಟಿ ಚಲೋ ಇರ್ತಾವಂತೆ. ದಿನಾ ಮಧ್ಯಾಹ್ನ ನಾನು ಎಲ್ಲಿರ್ತೀನೋ ಅಲ್ಲಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದುಕೊಡ್ತೀಯಾ?"

"ಹೂಂ."

ತಿರಕಪ್ಪ ಹೆಗಲ ಮೇಲೆ ಪೆಟ್ಟಿಗೆ ಹೊತ್ತು ಬಂದು ಇಳಿಸಿದ. ಸಾತವ್ವ ಬಾಯಿ ಬಾಯಿ ಬಡಿದುಕೊಂಡಳು. "ಒಂದ ಡಬ್ಬಿ ಅಂದ್ರ ಅಂಗಡೀನ ತಂದ್ಯಲ್ಲೋ! ದಿನಾ ರೊಟ್ಟಿ ಬ್ಯಾರೆ!"

"ಹೂಂ ಅನು ಅಂದಿದ್ದಿ, ಅಂದೀನಿ."

ಬೈದಳು, ಬೈದು ಸಾಕಾಗಿ ಯೋಚಿಸಿದಳು. ರೊಟ್ಟಿ ಕೊಲ್ಲುತ್ತದೆ ಅಂದವರಿಗೆ ರೊಟ್ಟಿ ಯಾಕೆ? ಮನಸ್ಸು ಒಂದು ಕ್ಷಣ ಅಲ್ಲಿ ನಿಂತಿತು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು: ಅವರು ಸಣ್ಣಗಿದ್ದಾರೆ, ಕಲಿತವರು, ಅವರಿಗೆ ನಡೆಯುತ್ತದೆ. ಇಪ್ಪತ್ತು ವರ್ಷದ ಆಸೆ ಅಂಥದ್ದು.

"ಹೋಗ್ಲಿ ಬಿಡು. ಈಗ ಚಂದಂಗ ಕೇಳು. ಈ ಪುಡಿ ಐತಲ್ಲ, ಇದು ಊಟದ ಬದಲಿಗೆ. ಊಟ ಇಡೂ ಜಾಗಾದಾಗ ಇದನ್ನ ಇಡಬೇಕು. ತಿಳೀತಾ?"

"ತಿಳೀತು ಯವ್ವಾ. ಊಟ ಇಡೂ ಜಾಗಾದಾಗ ಇದು."

ಮುಂದೆ ಹಿರಿಯರ ಅಮಾವಾಸ್ಯೆ ಬಂತು. ತೀರಿಕೊಂಡವರಿಗೆ ಎಡೆ ಇಡುವ ದಿನ. ಸಾತವ್ವ ನಸುಕಿನಿಂದ ಹೋಳಿಗೆ, ಕಡಬು, ಬದನೆಕಾಯಿ, ಅನ್ನ ಎಲ್ಲ ಮಾಡಿದಳು. ಗಂಡನ ಫೋಟೋಕ್ಕೆ ಹಾರ ಹಾಕಿ, "ನಾ ಜಳಕ ಮಾಡಿ ಬರತೀನಿ, ಅಪ್ಪಗ ಎಡಿ ಇಡು" ಅಂದು ಹೋದಳು. ಬಂದು ನೋಡುತ್ತಾಳೆ, ಫೋಟೋದ ಮುಂದೆ ಬಾಳೆಯೆಲೆ. ಎಲೆಯ ಮೇಲೆ ಒಂದು ಗ್ಲಾಸು. ಗ್ಲಾಸಿನಲ್ಲಿ ನೊರೆ ನೊರೆ ಪುಡಿನೀರು. ಊದುಬತ್ತಿ ಬೇರೆ ಹಚ್ಚಿದ್ದಾನೆ.

"ಏ ಖೋಡೀ! ಏನಿದು?"

"ಅಪ್ಪನ ಊಟ. ಊಟ ಇಡೂ ಜಾಗಾದಾಗ ಪುಡಿ ಇಡಬೇಕು ಅಂದಿದ್ದಿ. ನೀ ಹೇಳಿದಾಂಗ ಮಾಡೀನಿ."

"ವರ್ಷಕ್ಕೊಮ್ಮೆ ಬರಾಂವಗ ಪುಡಿ ಕೊಟ್ಟಿಯಾ? ಆಂವ ಹೋಳಗಿಗೆ ತುಪ್ಪ ಕಡಿಮಿ ಆದ್ರ ಎದ್ದು ಹೋಗಾಂವ! ಸತ್ತಾಂವ ಇನ್ನ ಸಣ್ಣಗಾಗಿ ಏನ ಮಾಡಬೇಕೋ?"

ಪಕ್ಕದ ಮನೆಯ ಹುಸೇನಬಿ ಗೋಡೆಯಾಚೆಯಿಂದ ಕೇಳಿ ನಕ್ಕಳು. ಸಾತವ್ವನಿಗೂ ನಗು ಬಂತು, ನಗುವಿನ ಹಿಂದೆ ಅಳು ಬಂತು. ಗ್ಲಾಸು ತೆಗೆದು, ಗಂಡನಿಗೆ ಹೋಳಿಗೆ ಬಡಿಸಿ ಕೈಮುಗಿದಳು. ಹೋಳಿಗೆಯ ತುಪ್ಪದ ವಾಸನೆ ಅವಳ ಹೊಟ್ಟೆಗೆ ಇಳಿಯಿತು. ಪುಡಿ ಕುಡಿಯಲು ಹತ್ತಿದ ಮೇಲೆ ರೊಟ್ಟಿ ಮುಟ್ಟಿರಲಿಲ್ಲ ಆಕೆ. ಈ ವಾಸನೆಗೆ ತಾನು ಸೋತೇನು ಅನ್ನಿಸಿತು. ಅದಕ್ಕೇ ಮಗನಿಗೆ ಗಟ್ಟಿಯಾಗಿ ಹೇಳಿದಳು:

"ನೋಡು, ಪುಡಿ ಕುಡದವರಿಗೆ ಮಾತ್ರ ಊಟ ಇಲ್ಲ. ಬ್ಯಾರೆಯವರಿಗೆಲ್ಲ ಊಟ ಐತಿ. ಪುಡಿ ಕುಡದವರು ಬೇಡಿದ್ರೂ ಕೊಡಬ್ಯಾಡ, ಅತ್ತರೂ ಕೊಡಬ್ಯಾಡ. ನಾ ಆದರೂ ಅಷ್ಟ!"

"ಬೇಡಿದ್ರೂ ಕೊಡಾಂಗಿಲ್ಲ. ಅತ್ತರೂ ಕೊಡಾಂಗಿಲ್ಲ."

ಹೂಂ ಅನ್ನುತ್ತಿದ್ದೀರಲ್ಲ? ಅನ್ನಿ. ಇಲ್ಲಿಂದ ಮುಂದೆ ಸ್ವಲ್ಪ ನಗು ಕಡಿಮೆ.

ಸಾತವ್ವ ಸಣ್ಣಗಾದಳು, ಸುಳ್ಳಲ್ಲ. ಬಳೆ ಸಡಿಲಾದವು. ಓಣಿಯವರು ಭೇಷ್ ಅಂದರು. ಆದರೆ ರೊಟ್ಟಿ ಬಡಿಯುವಾಗ ಕೈ ನಡುಗತೊಡಗಿತು, ಮಾತಿನ ನಡುವೆ ಮಾತು ಮರೆಯತೊಡಗಿತು. ಸಕ್ಕರೆಯ ಗುಳಿಗೆ ಬೆಳಿಗ್ಗೆ ನುಂಗುತ್ತಿದ್ದಳು. ಅದರ ಮೇಲೆ ಊಟವಿಲ್ಲ, ಗ್ಲಾಸಿನ ನೀರು. ಒಂದು ದಿನ ಮಧ್ಯಾಹ್ನ ಒಲೆಯ ಮುಂದೆ ಕೂತವಳಿಗೆ ಮೈಯೆಲ್ಲ ಬೆವೆತು ತಂಪಾಯಿತು. ಕಣ್ಣ ಮುಂದಿನ ರೊಟ್ಟಿ ಎರಡೆರಡಾಗಿ ಕಂಡಿತು.

"ತಿರಕಪ್ಪಾ, ಒಂದ ರೊಟ್ಟಿ ಕೊಡೋ."

ತಿರಕಪ್ಪ ಬುಟ್ಟಿಯನ್ನು ಎತ್ತಿ ಎದೆಗೆ ಅವಚಿಕೊಂಡ. "ಇಲ್ಲ ಯವ್ವಾ."

"ಒಂದ ಚೂರು ಕೊಡೋ, ನನ್ನಪ್ಪಾ. ಕೈಮುಗೀತೀನಿ."

"ಬೇಡಿದ್ರೂ ಕೊಡಬ್ಯಾಡ ಅಂದಿದ್ದಿ."

ಸಾತವ್ವನ ಕಣ್ಣಿಂದ ನೀರು ಬಂತು.

"ಅತ್ತರೂ ಕೊಡಬ್ಯಾಡ ಅಂದಿದ್ದಿ" ಅಂದ ತಿರಕಪ್ಪ. ಅವನ ಕಣ್ಣಲ್ಲೂ ನೀರಿತ್ತು. ಆದರೆ ಬುಟ್ಟಿ ಬಿಡಲಿಲ್ಲ.

ಸಾತವ್ವ ಅಲ್ಲೇ ಮಗ್ಗುಲಿಗೆ ಬಿದ್ದಳು. ತಿರಕಪ್ಪ ಓಡಿದ, ಬುಟ್ಟಿಯ ಸಮೇತ ಪೌಷ್ಟಿಕ ಕೇಂದ್ರಕ್ಕೆ ಓಡಿದ. "ಸರ್, ಅವ್ವ ನಡಗಿ ಬಿದ್ದಾಳ್ರಿ!"

ಸರ್ ಸುತ್ತ ಗಿರಾಕಿಗಳಿದ್ದರು. ಸರ್ ನಕ್ಕು ಹೇಳಿದರು: "ಹೆದರಬೇಡ. ಮೊದಮೊದಲು ತಲೆ ತಿರುಗುತ್ತೆ. ಅದು ಒಳ್ಳೇ ಲಕ್ಷಣ. ಮೈಯೊಳಗಿನ ವಿಷ ಹೊರಗೆ ಹೋಗ್ತಿದೆ."

ಒಳ್ಳೇ ಲಕ್ಷಣ! ತಿರಕಪ್ಪನಿಗೆ ಜೀವ ಬಂತು. ಮನೆಗೆ ಬಂದು, ಬಿದ್ದ ತಾಯಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ವಿಷ ಎಲ್ಲಿಂದ ಹೊರಗೆ ಬರುತ್ತದೆ ಅಂತ ನೋಡತೊಡಗಿದ.

ಪುಣ್ಯಕ್ಕೆ ಹುಸೇನಬಿ ಜೋಳದ ಹಿಟ್ಟು ಕೇಳಲು ಬಂದಳು. "ಯಾ ಅಲ್ಲಾ!" ಅಂತ ಕೂಗಿ, ಸಾತವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸಕ್ಕರೆ ತೇವ ಮಾಡಿ ಒಸಡಿಗೆ ತಿಕ್ಕಿದಳು. ಕಣ್ಣು ಪಿಳಕಿಸಿದ ಮೇಲೆ ಬೆಲ್ಲದ ನೀರು ಗುಟುಕು ಗುಟುಕಾಗಿ ಕುಡಿಸಿದಳು. ಆಟೋ ತರಿಸಿ ದವಾಖಾನೆಗೆ ಒಯ್ದಳು.

ಅಲ್ಲಿನ ಡಾಕ್ಟರಮ್ಮ ಮೈಸೂರು ಕಡೆಯವಳು, ಮಾತು ಮೆಲ್ಲಗೆ. ಅವಳು ಕೇಳುತ್ತಲೇ ಹೋದಳು. ಯಾವ ಗುಳಿಗೆ, ಯಾವಾಗ ನುಂಗಿದ್ದು, ಏನು ಉಂಡಿದ್ದು, ಯಾರು ಬಿಡು ಅಂದದ್ದು. ಎಲ್ಲ ಕೇಳಿ ಉಸಿರುಬಿಟ್ಟಳು.

"ಅಮ್ಮಾ, ಆ ಪುಡಿ ವಿಷ ಅಂತ ನಾನು ಹೇಳಲ್ಲ. ಉಣ್ಣೋಕಾಗದ ರೋಗಿಗೆ ನಾವೂ ಅಂಥದ್ದು ಕೊಡ್ತೀವಿ. ಆದರೆ ಈ ಗುಳಿಗೆ ನುಂಗೋರು ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದು ಜೀವಕ್ಕೇ ಕುತ್ತು ಬರುತ್ತೆ. ಅವರು ನಿಮಗೆ ಗುಳಿಗೆ ಇದೆಯಾ ಅಂತ ಕೇಳಲಿಲ್ಲವಾ?"

"ತೂಕ ಅಷ್ಟ ನೋಡಿದ್ರು ಯವ್ವಾ" ಅಂದಳು ಸಾತವ್ವ. ಹೇಳುವಾಗ ಅವಳಿಗೆ ನಾಚಿಕೆಯಾಯಿತು. ಕೇಳಿದ ಮಗನ ಬಾಯಿಯನ್ನು ನಾನೇ ಮುಚ್ಚಿಸಿದೆನಲ್ಲ ಅಂತ ನಾಚಿಕೆ.

ಡಾಕ್ಟರಮ್ಮ ತಿರಕಪ್ಪನ ಕಡೆ ತಿರುಗಿದಳು. "ಇನ್ನು ಪುಡಿ ಬೇಡ. ಅಮ್ಮ ಊಟ ತಪ್ಪಿಸಬಾರದು. ಅವರು ಉಂಡಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ನೀನು ಉಣ್ಣು. ಸರೀನಾ?"

"ಹೂಂ ರೀ. ಕಣ್ಣಾರೆ ನೋಡಿ, ಆಮ್ಯಾಲ ನಾ."

ಒಳ್ಳೆಯ ಮಾತು. ಇದರಿಂದ ಏನು ಕೆಡುಕಾದೀತು ಅನ್ನುತ್ತೀರಿ? ತಡೆಯಿರಿ.

ಸಾತವ್ವ ಎದ್ದು ಓಡಾಡುವ ಹೊತ್ತಿಗೆ, ಸಮುದಾಯ ಭವನದಲ್ಲಿ ಚಿದಾನಂದ ಸರ್ ದೊಡ್ಡ ಸಭೆ ಕರೆದರು. ಕುರ್ಚಿ ತುಂಬಿ ನೆಲದ ಮೇಲೂ ಜನ. ಸಾತವ್ವ, ಹುಸೇನಬಿ ಇಬ್ಬರೂ ಹೋಗಿ ಹೆಂಗಸರ ಸಾಲಿನಲ್ಲಿ ಕೂತರು. ನನ್ನ ಗುಳಿಗೆ ಯಾಕೆ ಕೇಳಲಿಲ್ಲ ಅಂತ ಎದ್ದು ನಿಂತು ಕೇಳಬೇಕೆಂದು ಸಾತವ್ವ ಮನಸ್ಸು ಮಾಡಿ ಬಂದಿದ್ದಳು. ಕೋಟು ಕಂಡ ಕೂಡಲೇ ನಾಲಿಗೆ ಒಣಗಿತು.

ಸರ್ ಕೊರಳಪಟ್ಟಿಗೆ ಸಣ್ಣ ಮೈಕು ಸಿಕ್ಕಿಸಿಕೊಂಡು ವೇದಿಕೆಯ ಮೇಲೆ ಗ್ಲಾಸು ಎತ್ತಿ ತೋರಿಸಿದರು. "ನಾನು ಮಧ್ಯಾಹ್ನದ ಊಟ ಬಿಟ್ಟು ವರ್ಷಗಳಾದವು. ಇದೇ ನನ್ನ ಊಟ!" ಅಂದು ಗಟಗಟ ಕುಡಿದರು. ಜನ ಚಪ್ಪಾಳೆ ಹೊಡೆದರು.

ಆಗ ನಡುವಿನ ದಾರಿಯಲ್ಲಿ ತಿರಕಪ್ಪ ಬಂದ. ಕೈಯಲ್ಲಿ ಊಟದ ಕ್ಯಾರಿಯರು. ನಾನು ಎಲ್ಲಿರ್ತೀನೋ ಅಲ್ಲಿಗೆ ಅಂತ ಸರ್ ಹೇಳಿದ್ದರಲ್ಲ. ಎಣ್ಣೆಗಾಯಿಯ ವಾಸನೆ ಭವನದ ತುಂಬ ಹರಡಿತು. ಸರ್ ಕಣ್ಣಲ್ಲೇ ಹಿಂದಿನ ಬಾಗಿಲು ತೋರಿಸಿದರು. ತಿರಕಪ್ಪ ವೇದಿಕೆಯ ಕೆಳಗೆ ನಿಂತು, ಖಾಲಿ ಗ್ಲಾಸು ನೋಡಿದ, ಸರ್ ಮುಖ ನೋಡಿದ, ಕ್ಯಾರಿಯರನ್ನು ಎದೆಗೆ ಅವಚಿಕೊಂಡ.

"ಇಲ್ರಿ ಸರ್. ಇವತ್ತ ಕೊಡಾಂಗಿಲ್ಲ."

"ಆಮೇಲೆ ಮಾತಾಡೋಣ, ಹೋಗಪ್ಪಾ."

"ಪುಡಿ ಕುಡದವರಿಗೆ ಊಟ ಇಲ್ರಿ. ದಿನಾ ನೀವು ಪುಡಿ ಕುಡೀತಿದ್ದಿಲ್ಲ, ರೊಟ್ಟಿ ಉಣತಿದ್ರಿ, ಅದಕ್ಕ ಕೊಡತಿದ್ನಿ. ಇವತ್ತ ಕುಡದೀರಿ."

ಯಾರೋ ಕಿಸಕ್ಕನೆ ನಕ್ಕರು. ಸರ್ ಮಾತು ಮುಂದುವರಿಸಿದರು. ಮಾತಿಗಿಂತ ಬೆವರು ಹೆಚ್ಚು ಬಂತು. ತಿರಕಪ್ಪ ಮುಂದಿನ ಸಾಲಿನ ನೆಲದ ಮೇಲೆ ಕೂತು ಕ್ಯಾರಿಯರಿನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ. ಹೊತ್ತು ಏರಿತು. ಕೊನೆಗೆ ಸರ್ ನೀರು ಕುಡಿಯುವ ನೆವದಲ್ಲಿ ಕೆಳಗಿಳಿದು, ಬಗ್ಗಿ, ಮೆಲ್ಲಗೆ ಹೇಳಿದರು. ಕೊರಳಪಟ್ಟಿಯ ಮೈಕು ಮಾತ್ರ ಮೆಲ್ಲಗೆ ಹೇಳಲಿಲ್ಲ.

"ಒಂದಾದ್ರೂ ರೊಟ್ಟಿ ಕೊಡೋ ಮಾರಾಯಾ, ತಲೆ ತಿರುಗ್ತಿದೆ."

ತಿರಕಪ್ಪನ ಮುಖ ಅರಳಿತು. "ಒಳ್ಳೇ ಲಕ್ಷಣಾರೀ ಸರ್! ವಿಷ ಹೊರಗ ಹೊಂಟೈತಿ!"

ಭವನವೇ ಬಿದ್ದು ಬಿದ್ದು ನಕ್ಕಿತು. ಜನ ಎದ್ದು ಹೊರಟರು, ಡಬ್ಬಿ ಕೊಂಡವರು ಕೂಗಾಡಿದರು. ಸಾತವ್ವ ನಗಲಿಲ್ಲ. ಒಲೆಯ ಮುಂದೆ ತನ್ನ ಕೈ ನಡುಗಿದ್ದು ನೆನಪಾಯಿತು. ಸರ್ ಕೈಯೂ ಹಾಗೆಯೇ ನಡುಗುತ್ತಿತ್ತು. ಅವಳು ಮಗನ ಕೈಯಿಂದ ಕ್ಯಾರಿಯರು ಕಿತ್ತುಕೊಂಡು, ಹಿಂದಿನ ಮೆಟ್ಟಿಲ ಮೇಲೆ ಸರ್ ಅನ್ನು ಕೂಡಿಸಿ, ಬಿಚ್ಚಿ ಇಟ್ಟಳು. ಸರ್ ತಲೆ ಎತ್ತದೆ ಉಂಡರು.

"ಸರ್, ನೀವು ಏನ ಕಲ್ತೀರಿ?" ಅಂತ ಕೇಳಿದಳು. ಈಗ ನಾಲಿಗೆ ಎದ್ದಿತು.

"ಮೊಬೈಲ್ ಅಂಗಡಿಯಲ್ಲಿದ್ದೆ, ಅಮ್ಮಾ. ಕಂಪನಿಯವರು ಹೋಟೆಲಿನಲ್ಲಿ ಕೂಡಿಸಿ ಹೇಳಿಕೊಟ್ಟರು. ಯಾರು ಏನು ಕೇಳಿದರೆ ಏನು ಹೇಳಬೇಕು ಅಂತ. ತಲೆ ತಿರುಗೋದು ಒಳ್ಳೇ ಲಕ್ಷಣ ಅಂತ ಅಲ್ಲೇ ಹೇಳಿದ್ದು. ಕೋಟೂ ಅವರೇ ಕೊಟ್ಟರು. ನಾನೂ ನಂಬಿದ್ದೆ." ಸ್ವಲ್ಪ ತಡೆದು, "ಅರ್ಧ ನಂಬಿದ್ದೆ" ಅಂದರು.

ಸಾತವ್ವ ಇನ್ನೊಂದು ರೊಟ್ಟಿ ಹಾಕಿದಳು. ಅವಳಿಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚಾಗಿ ವ್ಯಸನವಾಗಿತ್ತು. ನಂಬಿದ ತನ್ನ ಮೇಲೂ ಸಿಟ್ಟು, ಅರ್ಧ ನಂಬಿ ಪೂರಾ ಮಾರಿದ ಇವರ ಮೇಲೂ ಸಿಟ್ಟು. ಮನೆಗೆ ಹೋಗುವ ದಾರಿಯಲ್ಲಿ ಅದೆಲ್ಲ ಮಗನ ಮೇಲೆ ಬಂತು.

"ಹಸದಾಂವ ಎದುರಿಗೆ ನಡಗಾಕತ್ತಿದ್ರ ಕ್ಯಾರಿಯರ್ ಹಿಡಕೊಂಡು ಕೂತ್ಯಲ್ಲೋ!"

"ನೀ ಹೇಳಿದಾಂಗ ಮಾಡೀನಿ."

"ಇನ್ನ ಮ್ಯಾಲ ನಾ ಏನೂ ಹೇಳೂದಿಲ್ಲ. ಡಾಕ್ಟರಮ್ಮ ಹೇಳಿದ್ದಷ್ಟ ನೆನಪಿಟಗೋ, ಸಾಕು!"

"ಹೂಂ ಯವ್ವಾ."

ಪೌಷ್ಟಿಕ ಕೇಂದ್ರದ ಬಾಗಿಲು ಆಮೇಲೆ ತೆರೆಯಲಿಲ್ಲ. ಸಾತವ್ವ ಹೊತ್ತುಹೊತ್ತಿಗೆ ಉಂಡಳು. ತಿರಕಪ್ಪ ಎದುರಿಗೆ ಕೂತು ಒಂದೊಂದು ತುತ್ತನ್ನೂ ಕಣ್ಣಾರೆ ನೋಡಿ, ಆಮೇಲೆ ತಾನು ಉಂಡ. ಜೀವಮಾನವಿಡೀ ಮಗನಿಗೆ ಉಣ್ಣಿಸಿ ಉಳಿದದ್ದನ್ನು ಉಂಡವಳು, ಮೊದಲ ಸಲ ಬಿಸಿ ರೊಟ್ಟಿ ತಾನೇ ಮೊದಲು ಉಂಡಳು.

ಹೀಗಿರುವಾಗ ಗುಳೇದಗುಡ್ಡದಲ್ಲಿ ತಂಗಿಯ ಮಗಳ ಮದುವೆ. ಸಾತವ್ವ ಬುಟ್ಟಿ ತುಂಬ ರೊಟ್ಟಿ, ಚಟ್ನಿ, ಮೊಸರು ಎಲ್ಲ ಮಾಡಿಟ್ಟು ಹೋದಳು. ಮದುವೆ ಮುಗಿಸಿ ಮರುದಿನ ಸಂಜೆ ಬಂದಳು. ಬುಟ್ಟಿ ಹೋದಾಗ ಹೇಗಿತ್ತೋ ಹಾಗೆಯೇ ಇತ್ತು. ತಿರಕಪ್ಪ ಕಂಬಕ್ಕೆ ಒರಗಿ ಕೂತಿದ್ದ, ತುಟಿ ಒಣಗಿತ್ತು.

"ಯಾಕೋ ಉಂಡಿಲ್ಲ?"

"ನೀ ಉಂಡಿದ್ದು ನಾ ನೋಡ್ಲಿಲ್ಲಲ್ಲ ಯವ್ವಾ."

ಸಾತವ್ವನ ಕೈಯಿಂದ ಚೀಲ ಜಾರಿತು. ಇಂದು ಮದುವೆಗೆ ಹೋಗಿದ್ದೆ, ಬಂದೆ. ಒಂದು ದಿನ ಹೋಗುತ್ತೇನೆ, ಬರುವುದಿಲ್ಲ. ಅಂದು ಇವನು ಹೀಗೇ ಕಂಬಕ್ಕೆ ಒರಗಿ, ತುಂಬಿದ ಬುಟ್ಟಿಯ ಮುಂದೆ ಕೂತಿರುತ್ತಾನೆ. ಇಷ್ಟು ದಿನ ಉಣ್ಣು ಅನ್ನುವವರು ಯಾರು ಅಂತ ಅಂಜುತ್ತಿದ್ದಳು. ಈಗ ಆ ಅಂಜಿಕೆ ಕಣ್ಣೆದುರಿಗೆ ಕೂತಿತ್ತು. ಅವನನ್ನು ಕೂಡಿಸಿ, ತಾನು ನಾಲ್ಕು ತುತ್ತು ಉಂಡು ತೋರಿಸಿ, ಅವನಿಗೆ ಉಣ್ಣಿಸಿದಳು. ಆಮೇಲೆ ಭುಜ ಹಿಡಿದು ಅಲುಗಾಡಿಸಿದಳು.

"ಯಾರದೂ ನೋಡಬ್ಯಾಡ! ನಿನಗ ಹಸಿವಾದ್ರ ನೀ ಉಣ್ಣೋ!"

"ಹಸಿವಾಗೇತಿ ಅಂತ ನನಗ ಯಾರು ಹೇಳಬೇಕು?"

"ಯಾರೂ ಹೇಳಬೇಕಿಲ್ಲೋ ಮಂಗ್ಯಾ! ಹೊಟ್ಟಿ ಹೇಳತೈತಿ!"

"ಹೊಟ್ಟಿ ಗುರ್ ಅಂತೈತಿ. ಅದರ ಅರ್ಥ ಏನಂತ ಯಾರನ್ನ ಕೇಳಬೇಕು?"

ಸಾತವ್ವನಿಗೆ ತಲೆ ಕೆಟ್ಟುಹೋಯಿತು. "ಬಲ್ಲವರನ್ನ ಕೇಳು, ಹೋಗು!"

ಬಾಯಿ ತಪ್ಪಿ ಬಂದ ಮಾತು. ಆದರೆ ತಿರಕಪ್ಪನ ಕಿವಿಗೆ ಬಿದ್ದಮೇಲೆ ಯಾವ ಮಾತೂ ಬಾಯಿ ತಪ್ಪಿದ್ದಲ್ಲ.

ಮರುದಿನ ಅವಳು ರೊಟ್ಟಿ ಬಡಿದು ತಿರುಗಿ ನೋಡಿದರೆ ಮಗನಿಲ್ಲ. ಹುಸೇನಬಿ ಬಂದು ಹೇಳಿದಳು: "ದವಾಖಾನಿ ಕಡೆ ಹೊಂಟಿದ್ದ." ಸಾತವ್ವ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಓಡಿದಳು. ಮೊಣಕಾಲು ನೋವು ನೆನಪಾಗಲಿಲ್ಲ.

ದವಾಖಾನೆಯಲ್ಲಿ ಉದ್ದನ್ನ ಸರತಿ. ಜ್ವರದವರು, ಕೆಮ್ಮಿನವರು, ಕೈಮುರಿದವರು. ಅವರ ನಡುವೆ ಚೀಟಿ ಮಾಡಿಸಿಕೊಂಡು ತಿರಕಪ್ಪ. ಸಾತವ್ವ ಬಂದು ಮುಟ್ಟುವಷ್ಟರಲ್ಲಿ ಅವನು ಡಾಕ್ಟರಮ್ಮನ ಮುಂದೆ ನಿಂತಿದ್ದ.

"ಏನಾಗಿದೆಯಪ್ಪಾ?"

"ಅದನ್ನ ನೀವ ಹೇಳಬೇಕ್ರಿ. ನನಗ ಹಸಿವಾಗೇತೇನ್ರಿ?"

ಡಾಕ್ಟರಮ್ಮ ನಗಲಿಲ್ಲ. ಅವನ ಮುಖ ನೋಡಿದಳು, ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ತಾಯಿಯ ಮುಖ ನೋಡಿದಳು. "ಸಕ್ಕರೆ ಎಷ್ಟಿದೆ ಅಂತ ಹೇಳ್ತೀನಿ, ರಕ್ತ ಎಷ್ಟಿದೆ ಅಂತ ಹೇಳ್ತೀನಿ. ನಿನಗೆ ಹಸಿವಾಗಿದೆಯಾ ಅಂತ ಹೇಳೋ ಯಂತ್ರ ನನ್ನ ಹತ್ರ ಇಲ್ಲ ಕಣಪ್ಪಾ. ಯಾರ ಹತ್ರಾನೂ ಇಲ್ಲ. ಇದೆ ಅಂತ ಯಾರಾದ್ರೂ ಹೇಳಿದರೆ ನಂಬಬೇಡ."

ತಿರಕಪ್ಪ ಸರತಿಯ ಕಡೆ ತಿರುಗಿ ಗಾಬರಿಯಿಂದ ಕೂಗಿದ: "ಡಾಕ್ಟರ್‌ಗೂ ಗೊತ್ತಿಲ್ಲಂತ್ರೀ!"

ಸರತಿ ನಕ್ಕಿತು. ಸಾತವ್ವ ಅವನ ಕೈಹಿಡಿದು ಹೊರಗಿನ ಬೆಂಚಿನ ಮೇಲೆ ಕೂಡಿಸಿದಳು. ಎಂದಿನಂತೆ ಕೈ ತಾನಾಗಿ ರೊಟ್ಟಿಯ ಗಂಟಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಆಗ ಅವಳಿಗೆ ತಿಳಿಯಿತು. ಇವನು ಹುಟ್ಟಿದ ದಿನದಿಂದ, ಹಸಿವು ಇವನ ಹೊಟ್ಟೆಗೆ ಬರುವ ಮೊದಲೇ ತನ್ನ ಕೈ ಇವನ ಬಾಯಿಗೆ ಹೋಗುತ್ತಿತ್ತು. ಕಳೆದುಹೋದ ಕೂಸುಗಳ ಅಂಜಿಕೆ ಅದು. ಇವನ ಹಸಿವು ಇವನಿಗೆ ಸಿಗಲೇ ಇಲ್ಲ. ಎಲ್ಲರಿಗಿಂತ ಮೊದಲು ಇವನಿಗೆ ತಜ್ಞೆಯಾದವಳು ತಾನೇ.

ಗಂಟನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತಳು.

"ಕೊಡಾಂಗಿಲ್ಲೇನು ಯವ್ವಾ?"

"ನಿನಗ ಬೇಕೋ ಬ್ಯಾಡೋ, ನೀನ ಹೇಳು."

"ನೀ ಹೇಳು."

"ನಾ ಹೇಳಾಂಗಿಲ್ಲ."

ಬಿಸಿಲು ಬೆಂಚಿನ ಕಾಲಿನಿಂದ ಬೆಂಚಿನ ಮೇಲೆ ಬಂತು. ತಿರಕಪ್ಪ ಹೊಟ್ಟೆ ಮುಟ್ಟಿ ನೋಡಿಕೊಂಡ. ಹೋಗಿಬರುವವರ ಮುಖ ನೋಡಿದ. ಯಾರೂ ಏನೂ ಹೇಳಲಿಲ್ಲ. ಅವಳಿಗೆ ಕೊಟ್ಟುಬಿಡಲೇ ಅನ್ನಿಸಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ತಡೆದಳು. ಬಹಳ ಹೊತ್ತಿನ ಮೇಲೆ ಅವನ ಹುಬ್ಬು ಮೇಲೇರಿತು, ಕಣ್ಣು ದೊಡ್ಡದಾಯಿತು.

"ಯವ್ವಾ, ಒಳಗ ಏನೋ ಎಳೆಯಾಕತ್ತೈತಿ. ರೊಟ್ಟಿ ಕಡೆ ಎಳೆಯಾಕತ್ತೈತಿ. ಯವ್ವಾ! ನನಗ ಹಸಿವಾಗೇತಿ!"

"ಹೌದೇನೋ?"

"ಹೌದು! ನನಗ ಹಸಿವಾಗೇತ್ರಿ!" ಅಂತ ಇಡೀ ಸರತಿಗೆ ಕೇಳುವಂತೆ ಕೂಗಿದ.

ಸಾತವ್ವ ಅಳುತ್ತ ಗಂಟು ಬಿಚ್ಚಿದಳು. ತಿರಕಪ್ಪ ಉಂಡ. ಒಂದು ಉಂಡ, ಇನ್ನೊಂದು ಉಂಡ, ಮತ್ತೊಂದಕ್ಕೆ ಕೈ ಹಾಕಿದವನು ಅರ್ಧದಲ್ಲಿ ನಿಲ್ಲಿಸಿ, ಹೊಟ್ಟೆ ಮುಟ್ಟಿಕೊಂಡು ಯೋಚಿಸಿದ. ಯೋಚಿಸಿ ಎದ್ದು, ನೆಟ್ಟಗೆ ಚೀಟಿ ಕೊಡುವ ಕಿಟಕಿಗೆ ಹೋಗಿ, ಹೊಸ ಚೀಟಿ ಮಾಡಿಸಿಕೊಂಡು ಸರತಿಯ ಕೊನೆಯಲ್ಲಿ ನಿಂತ.

"ಎಲ್ಲಿಗೆ ಹೊಂಟ್ಯೋ ಮತ್ತ?"

"ಹೊಟ್ಟಿ ತುಂಬೇತೋ ಇಲ್ಲೋ ಕೇಳಿ ಬರತೀನಿ ಯವ್ವಾ!"

ಸಾತವ್ವ ಕರೆಯಲು ಬಾಯಿ ತೆರೆದಳು, ಕರೆಯಲಿಲ್ಲ. ಒಂದು ಪಾಠ ಇವತ್ತಿಗೆ ಆಯಿತು. ಇನ್ನೊಂದು ಉಳಿದಿದೆ. ಅದು ಮುಗಿಯುವ ತನಕ ತಾನು ಸಾಯುವ ಹಾಗಿಲ್ಲ. ಆಗ ತನಗೂ ಹಸಿವಾಗಿದೆ ಅಂತ ಅವಳಿಗೆ ಗೊತ್ತಾಯಿತು. ಮಗ ಬಿಟ್ಟ ಅರ್ಧ ರೊಟ್ಟಿಯನ್ನು ಎತ್ತಿ ನಿಧಾನವಾಗಿ ಉಂಡಳು. ಕೊನೆಯ ತುತ್ತು ಬಾಯೊಳಗಿರುವಾಗ ಸರತಿಯ ಕೊನೆಯಿಂದ ತಿರಕಪ್ಪ ಕೈಯೆತ್ತಿ ಕೂಗಿದ:

"ಯವ್ವಾ, ಉಳದ ರೊಟ್ಟಿ ಹಂಗ ಇಟ್ಟಿರು! ಡಾಕ್ಟರಮ್ಮ ಇನ್ನೂ ತುಂಬಿಲ್ಲ ಅಂದ್ರ ಬೇಕಾಗತೈತಿ!"